ಬೀಕರಿನಲ್ಲಿ ಗೆದ್ದ ಮಣ್ಣು ಬಣ್ಣದ ತೊಟ್ಟಿಯಲ್ಲಿ ಸೋತದ್ದು ಯಾಕೆ: ಒಂದು ಪ್ರಕರಣ ಅಧ್ಯಯನ

ಬಣ್ಣ ಹಾಕಿ ಉಳಿದ ಕೊಳಕು ನೀರನ್ನು ಜೇಡಿ ಮಣ್ಣಿನಿಂದ ತಿಳಿ ಮಾಡಲು ಹೊರಟ ಕಥೆ ಇದು. ಇಲ್ಲಿ ಇಬ್ಬರು ಮುಖ್ಯ. ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ. ಇನ್ನೊಬ್ಬರು ರೇಷ್ಮೆ ನೂಲಿಗೆ ಬಣ್ಣ ಹಾಕುವ ಒಂದು ಚಿಕ್ಕ ಯೂನಿಟ್ಟಿನ ಯಜಮಾನರು. ಇಬ್ಬರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ, ರಸಾಯನಶಾಸ್ತ್ರವನ್ನು ಮಾತ್ರ ಮುಟ್ಟಿಲ್ಲ. ನಾನು ಆ ಹುಡುಗಿಯ ಗೈಡ್ ಅಲ್ಲ, ಅದೇ ವಿಭಾಗದಲ್ಲಿ ಪಾಠ ಮಾಡುವವನು. ಯೂನಿಟ್ಟಿಗೆ ಅವಳನ್ನು ಮೊದಲು ಕರೆದುಕೊಂಡು ಹೋದದ್ದು ನಾನೇ, ಹಾಗಾಗಿ ಮೊದಲಿನಿಂದ ಕೊನೆವರೆಗೂ ಜೊತೆಗಿದ್ದೆ.

ಮೊದಲು ಮಣ್ಣಿನ ವಿಷಯ

ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಓಡಾಡಿದವರಿಗೆ ಈ ಮಣ್ಣಿನ ಸ್ವಭಾವ ಗೊತ್ತೇ ಇರುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಒಳ್ಳೆ ಮಳೆ ಬಿದ್ದರೆ ಉಬ್ಬಿಕೊಂಡು ಬಿರುಕೆಲ್ಲ ಮುಚ್ಚಿಹೋಗುತ್ತದೆ. ಚಪ್ಪಲಿಗೆ ಮೆತ್ತಿಕೊಂಡರೆ ಬಿಡುವುದೇ ಇಲ್ಲ. ಇದಕ್ಕೆಲ್ಲ ಕಾರಣ ಆ ಮಣ್ಣಿನಲ್ಲಿರುವ ಸ್ಮೆಕ್ಟೈಟ್ ಗುಂಪಿನ ಜೇಡಿ. ಅದರಲ್ಲಿ ಹೆಚ್ಚು ಹೆಸರಾದದ್ದು ಮಾಂಟ್‌ಮೊರಿಲೊನೈಟ್. ಗುಜರಾತಿನ ಕಚ್ಛದಿಂದ ಬರುವ ಬೆಂಟೊನೈಟ್‌ನಲ್ಲೂ ಮುಖ್ಯವಾಗಿ ಇರುವುದು ಇದೇ.

ಇದರ ರಚನೆ ಒತ್ತಿಟ್ಟ ಹಪ್ಪಳದ ಕಟ್ಟಿನ ಹಾಗೆ. ಒಂದೊಂದು ಹಪ್ಪಳದ ದಪ್ಪ ಸುಮಾರು 1 ನ್ಯಾನೋಮೀಟರ್. ಎರಡು ಸಿಲಿಕಾ ಹಾಳೆಗಳ ಮಧ್ಯೆ ಒಂದು ಅಲ್ಯೂಮಿನಾ ಹಾಳೆ ಸೇರಿ ಒಂದು ಹಪ್ಪಳ ಆಗುತ್ತದೆ. ಇನ್ನು ಮುಂದೆ ಹಾಳೆ ಅಂದರೆ ಈ ಇಡೀ ಹಪ್ಪಳವೇ. ಪ್ರತಿ ಹಾಳೆಯ ಮೇಲೂ ಋಣ ವಿದ್ಯುದಂಶ ಇರುತ್ತದೆ. ಅದನ್ನು ಸರಿದೂಗಿಸಲು ನಡುವಿನ ಜಾಗದಲ್ಲಿ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಕೂತಿರುತ್ತವೆ. ನೀರು ಒಳಗೆ ನುಗ್ಗಿದರೆ ಕಟ್ಟು ಸಡಿಲವಾಗಿ ಉಬ್ಬುತ್ತದೆ. ಎಲ್ಲ ಹಾಳೆಗಳನ್ನೂ ಬಿಡಿಸಿ ಹರಡಿದರೆ ಒಂದು ಗ್ರಾಂ ಮಣ್ಣಿಗೆ ಸುಮಾರು 750 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಒಂದು ಚಮಚದಲ್ಲಿ ಹಿಡಿಯುವ ಮಣ್ಣಿಗೆ ಅಷ್ಟು ಜಾಗ!

ಫಂಕ್ಷನಲೈಸ್ ಮಾಡುವುದು ಅಂದರೆ ಈ ಹಾಳೆಗಳಿಗೆ ನಮಗೆ ಬೇಕಾದ ಕೈಗಳನ್ನು ಜೋಡಿಸುವುದು. ಕೆಲವರು ಒಳಗಿನ ಸೋಡಿಯಂ ತೆಗೆದು ಆ ಜಾಗದಲ್ಲಿ ಉದ್ದ ಬಾಲದ ಅಮೋನಿಯಂ ಅಯಾನು ಕೂರಿಸುತ್ತಾರೆ. ಆಗ ನೀರನ್ನು ಪ್ರೀತಿಸುತ್ತಿದ್ದ ಮಣ್ಣು ಎಣ್ಣೆಗೆ, ಪ್ಲಾಸ್ಟಿಕ್ಕಿಗೆ ಹತ್ತಿರವಾಗುತ್ತದೆ. ಟೊಯೋಟಾದವರು ನೈಲಾನ್‌ಗೆ ಹೀಗೆ ಬದಲಿಸಿದ ಜೇಡಿಯನ್ನು ಸ್ವಲ್ಪವೇ ಸೇರಿಸಿ ಗಟ್ಟಿಯಾದ, ಬಿಸಿ ತಡೆಯುವ ವಸ್ತು ಮಾಡಿದ್ದು ಇದೇ ದಾರಿಯಲ್ಲಿ. ಇನ್ನು ಕೆಲವರು ಸಿಲಿಕಾನ್‌ಗೇ ಸಾವಯವ ಗುಂಪು ಅಂಟಿರುವ ಹಾಳೆಯನ್ನು ಮೊದಲಿನಿಂದ ಕಟ್ಟುತ್ತಾರೆ. 1990ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸ್ಟೀಫನ್ ಮ್ಯಾನ್ ಅವರ ತಂಡ ಇದನ್ನು ತೋರಿಸಿತು. ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಂ. ಈಶ್ವರಮೂರ್ತಿ ಅವರ ತಂಡ ಇಂಥದೇ ಅಮೈನೋಕ್ಲೇ (ಅಮೀನ್ ಅನ್ನುವ ಸಾರಜನಕದ ಗುಂಪು ಅಂಟಿರುವ ಜೇಡಿ) ಮೇಲೆ ತುಂಬ ಕೆಲಸ ಮಾಡಿತು. ಚಿನ್ನ, ಬೆಳ್ಳಿಯ ನ್ಯಾನೋಕಣಗಳು ನೀರಿನಲ್ಲಿ ಗಂಟು ಕಟ್ಟದಂತೆ ಹಿಡಿದಿಡುವುದು, ಬೆಳಕನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುವ ಜೆಲ್ ಮಾಡುವುದು, ಹೀಗೆ. ನಮ್ಮ ಹುಡುಗಿಗೆ ಆಸೆ ಹುಟ್ಟಿದ್ದು ಈ ಕೆಲಸಗಳನ್ನು ಓದಿಯೇ. ಬೆಂಗಳೂರಿನ ಪಕ್ಕದಲ್ಲೇ ಇದೆಲ್ಲ ನಡೆದಿದೆ, ನಮ್ಮ ಸುತ್ತಲ ನೀರಿಗೆ ಇದನ್ನು ಯಾಕೆ ಬಳಸಬಾರದು ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ ಅಲ್ವಾ?

ಸಮಸ್ಯೆ

ಯಜಮಾನರ ಯೂನಿಟ್ಟು ಒಂದು ತಗಡಿನ ಶೆಡ್ಡು. ನಾಲ್ಕು ಹಂಡೆ, ಎರಡು ತೊಟ್ಟಿ, ಒಂದು ಬೋರ್‌ವೆಲ್. ಮೊದಲು ರೇಷ್ಮೆ ಲಡಿಗಳನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ಆಮೇಲೆ ಆಸಿಡ್ ಬಣ್ಣ, ಗ್ಲಾಬರ್ಸ್ ಸಾಲ್ಟ್ (ಸೋಡಿಯಂ ಸಲ್ಫೇಟ್ ಉಪ್ಪು), ಅಸಿಟಿಕ್ ಆಮ್ಲ ಸೇರಿಸಿದ ಬಿಸಿ ನೀರಿನಲ್ಲಿ ಲಡಿಗಳನ್ನು ಕೋಲಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿದ ನೀರು ಹೊರಗಿನ ಗುಂಡಿಗೆ ಹೋಗುತ್ತದೆ. ನಾವು ಮೊದಲ ಸಲ ಹೋದ ದಿನ ಬೆಳಿಗ್ಗೆ ಗುಂಡಿ ಕುಂಕುಮದ ಬಣ್ಣ ಇತ್ತು, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತ್ತು. ಯಜಮಾನರಿಗೆ ಅದು ಹೆಮ್ಮೆಯ ವಿಷಯ ಆಗಿರಲಿಲ್ಲ. "ಪಕ್ಕದ ತೋಟದವರು ದಿನಾ ಬಂದು ನೋಡಿ ಹೋಗ್ತಾರೆ ಮೇಷ್ಟ್ರೇ, ಏನೂ ಮಾತಾಡಲ್ಲ, ಸುಮ್ನೆ ನೋಡ್ತಾರೆ," ಅಂದರು. ಆ ಮೌನ ಅವರನ್ನು ಚುಚ್ಚುತ್ತಿತ್ತು.

ದೊಡ್ಡ ಶುದ್ಧೀಕರಣ ಘಟಕ ಹಾಕಿಸಲು ಅವರ ಕೈಯಲ್ಲಿ ದುಡ್ಡಿಲ್ಲ. ಅವರು ನಮ್ಮನ್ನು ಕೇಳಿದ್ದು ಒಂದೇ: ಕಡಿಮೆ ಖರ್ಚಿನಲ್ಲಿ ಬಣ್ಣ ತೆಗೆಯಲು ಆಗುತ್ತದಾ?

ಏನೇನು ಮಾಡಿದೆವು

ಮೊದಲ ಪ್ರಯೋಗ ಸಾದಾ ಬೆಂಟೊನೈಟ್. ಅಗ್ಗದ ಮಣ್ಣು, ಅದರಲ್ಲೇ ಕೆಲಸ ಆಗಿಬಿಟ್ಟರೆ ಆಮೇಲೆ ಏನೂ ಬೇಕಿಲ್ಲ. ಎರಡು ಟೆಸ್ಟ್‌ಟ್ಯೂಬು ತಗೊಂಡಳು. ಒಂದಕ್ಕೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣದ ದ್ರಾವಣ, ಇನ್ನೊಂದಕ್ಕೆ ಆಸಿಡ್ ಆರೆಂಜ್ 7 ಅನ್ನುವ ಕಿತ್ತಳೆ ಆಸಿಡ್ ಬಣ್ಣ. ಎರಡಕ್ಕೂ ಒಂದೊಂದು ಚಿಟಿಕೆ ಬೆಂಟೊನೈಟ್ ಹಾಕಿ ಕುಲುಕಿ ಇಟ್ಟಳು. ಮಣ್ಣು ತಳಕ್ಕೆ ಇಳಿದಾಗ ನೀಲಿ ಟ್ಯೂಬಿನಲ್ಲಿ ನೀರು ತಿಳಿ, ಮಣ್ಣು ನೀಲಿ. ಕಿತ್ತಳೆ ಟ್ಯೂಬಿನಲ್ಲಿ ನೀರು ಇದ್ದ ಹಾಗೇ ಕಿತ್ತಳೆ, ತಳದಲ್ಲಿ ಬಿಳಿಚಿದ ಮಣ್ಣು. ಕಾರಣ ಸರಳ. ಮೆಥಿಲೀನ್ ಬ್ಲೂ ಧನ ಅಯಾನು, ಋಣ ಹಾಳೆಗೆ ಅಂಟಿಕೊಳ್ಳುತ್ತದೆ. ಆಸಿಡ್ ಬಣ್ಣಗಳಲ್ಲಿ ಸಲ್ಫೋನೇಟ್ ಗುಂಪು ಇದ್ದು ಅವು ಋಣ ಅಯಾನುಗಳು, ಹಾಳೆ ಅವನ್ನು ದೂರ ತಳ್ಳುತ್ತದೆ. ರೇಷ್ಮೆಗೆ ಹಾಕುವುದು ಇದೇ ಆಸಿಡ್ ಬಣ್ಣ. "ಮಣ್ಣಿನಿಂದ ಬಣ್ಣ ತೆಗೆಯಬಹುದು" ಅನ್ನುವ ಎಷ್ಟೋ ಬರಹಗಳು ಮೆಥಿಲೀನ್ ಬ್ಲೂ ಒಂದನ್ನೇ ತೋರಿಸಿ ನಿಲ್ಲಿಸುತ್ತವೆ. ಓದುವವರು ಯಾವ ಬಣ್ಣ ಅಂತ ಮೊದಲು ನೋಡಬೇಕು.

ಎರಡನೆಯದು ಸಿಟಿಎಬಿ ಅನ್ನುವ ಉದ್ದ ಬಾಲದ ಸರ್ಫ್ಯಾಕ್ಟಂಟ್ (ಸೋಪಿನಂತೆ ನೊರೆ ಬರುವ ವಸ್ತು) ಕೂರಿಸಿದ ಬೆಂಟೊನೈಟ್. ಹಾಳೆಗಳು ಹಿಡಿಯುವುದಕ್ಕಿಂತ ಜಾಸ್ತಿ ಸರ್ಫ್ಯಾಕ್ಟಂಟ್ ಹಾಕಿದರೆ ಎರಡನೇ ಪದರ ಕೂತು ಮೇಲ್ಮೈ ಧನವಾಗುತ್ತದೆ, ಆಗ ಆಸಿಡ್ ಬಣ್ಣ ಹಿಡಿಯುತ್ತದೆ. ಹಿಡಿಯಿತು ಕೂಡ. ಆದರೆ ಸೋಸಿದ ನೀರನ್ನು ಕುಲುಕಿದಾಗ ನೊರೆ ಬಂತು. ಆ ಎರಡನೇ ಪದರ ಗಟ್ಟಿಯಾಗಿ ಅಂಟಿರುವುದಿಲ್ಲ, ನಿಧಾನವಾಗಿ ನೀರಿಗೆ ಬಿಡುತ್ತದೆ. ಇಂಥ ಅಮೋನಿಯಂ ಸರ್ಫ್ಯಾಕ್ಟಂಟ್‌ಗಳು ಮೀನಿಗೆ, ನೀರಿನ ಸಣ್ಣ ಜೀವಿಗಳಿಗೆ ವಿಷ. ಬಣ್ಣ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಕಾಣುವ ತೊಂದರೆ ತೆಗೆದು ಕಾಣದ ತೊಂದರೆ ಕೊಡುವುದು ತಪ್ಪು ಅಂತ ಅವಳೇ ಅದನ್ನು ಕೈಬಿಟ್ಟಳು. ಆ ನಿರ್ಧಾರ ನನಗೆ ಬಹಳ ಹಿಡಿಸಿತು. ಅಂಕಿ ಚೆನ್ನಾಗಿದ್ದವು, ಬೇಕಿದ್ದರೆ ಒಂದು ಪ್ರಬಂಧ ಬರೆದು ಮುಗಿಸಬಹುದಿತ್ತು.

ಮೂರನೆಯದು ಅಮೈನೋಕ್ಲೇ. ಇದರ ಮೇಲೇ ಅವಳ ಹೆಚ್ಚಿನ ಸಮಯ ಹೋಯಿತು.

ಮಾಡುವ ವಿಧಾನ ನೋಡಲು ಚೆಂದ. 20 ಗ್ರಾಂ ಎಥನಾಲ್‌ನಲ್ಲಿ 0.84 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಕರಗಿಸಿ, ಅದಕ್ಕೆ 1.3 ಮಿಲಿಲೀಟರ್ ಅಮೈನೋಪ್ರೊಪೈಲ್ ಟ್ರೈಎಥಾಕ್ಸಿಸಿಲೇನ್ ಅನ್ನು ಹನಿಹನಿಯಾಗಿ ಬಿಡಬೇಕು. ಹನಿ ಬಿದ್ದ ಸ್ವಲ್ಪ ಹೊತ್ತಿಗೇ ತಿಳಿ ದ್ರಾವಣ ಗಂಜಿಯ ಹಾಗೆ ಬೆಳ್ಳಗಾಗುತ್ತದೆ. ರಾತ್ರಿಯಿಡೀ ಕಲಕಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ ತಳಕ್ಕೆ ಇಳಿಸಿ, ಎಥನಾಲ್‌ನಲ್ಲಿ ತೊಳೆದು, 40 ಡಿಗ್ರಿಯಲ್ಲಿ ಒಣಗಿಸಿದರೆ ಬಿಳಿ ಪುಡಿ. ಒಂದು ಸಲಕ್ಕೆ ಸಿಗುವುದು ಒಂದು ಗ್ರಾಂಗೂ ಕಡಿಮೆ. ಇದರಲ್ಲಿ ಮೆಗ್ನೀಸಿಯಂ ಹಾಳೆ ಮಧ್ಯೆ ಇದ್ದು, ಎರಡೂ ಕಡೆಯ ಸಿಲಿಕಾನ್‌ಗಳಿಂದ ಅಮೈನೋಪ್ರೊಪೈಲ್ ಕೈಗಳು ಹೊರಗೆ ಚಾಚಿರುತ್ತವೆ. ಎಕ್ಸ್-ರೇ ಚಿತ್ರದಲ್ಲಿ 59 ಡಿಗ್ರಿ ಕೋನದ ಹತ್ತಿರ ಒಂದು ಶಿಖರ ಬಂದರೆ ಮೆಗ್ನೀಸಿಯಂ ಇರುವ ಹಾಳೆ ನಿಜವಾಗಿ ಕಟ್ಟಿಕೊಂಡಿದೆ ಅಂತ ಅರ್ಥ. ಅವಳಿಗೆ ಬಂತು. ಆ ದಿನ ಲ್ಯಾಬಿನಲ್ಲಿ ಸಿಹಿ ಹಂಚಿದಳು.

ಈ ಪುಡಿಯನ್ನು ನೀರಿಗೆ ಹಾಕಿದರೆ ಅಮೀನ್‌ಗಳು ಪ್ರೋಟಾನ್ ಹಿಡಿದು ಧನವಾಗುತ್ತವೆ. ಧನಕ್ಕೂ ಧನಕ್ಕೂ ಆಗುವುದಿಲ್ಲವಲ್ಲ, ಹಾಳೆಗಳು ಒಂದನ್ನೊಂದು ತಳ್ಳಿಕೊಂಡು ಪೂರ್ತಿ ಬಿಡಿಸಿಕೊಳ್ಳುತ್ತವೆ. ಪುಡಿ ಹಾಕಿದ್ದೀರಿ ಅಂತ ಗೊತ್ತೇ ಆಗದಷ್ಟು ತಿಳಿ ನೀರು ಉಳಿಯುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಒಂದು ಗ್ರಾಂನಲ್ಲಿ ಸುಮಾರು 7 ಮಿಲಿಮೋಲ್ ಅಮೀನ್ (ಮಿಲಿಮೋಲ್ ಅಂದರೆ ಅಣುಗಳ ಎಣಿಕೆಯ ಅಳತೆ). ಮಾಂಟ್‌ಮೊರಿಲೊನೈಟ್‌ನಲ್ಲಿ ಒಂದು ಗ್ರಾಂಗೆ ಅಯಾನು ಹಿಡಿಯುವ ಜಾಗ ಹೆಚ್ಚುಕಮ್ಮಿ 1 ಮಿಲಿಮೋಲ್ ಅಷ್ಟೇ.

ಅವಳು ಲೀಟರಿಗೆ 100 ಮಿಲಿಗ್ರಾಂ ಆಸಿಡ್ ಆರೆಂಜ್ ಇರುವ ನೀರಿಗೆ ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಅಮೈನೋಕ್ಲೇ ಹಾಕಿದಳು. ಬಣ್ಣ ಹಾಗೇ ಇತ್ತು. ಫಿಲ್ಟರ್ ಪೇಪರಿನಲ್ಲಿ ಸೋಸಿದರೆ ಬಣ್ಣವೂ ಮಣ್ಣೂ ಒಟ್ಟಿಗೆ ಇಳಿದುಬಂದವು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೂ ತಳದಲ್ಲಿ ಏನಿಲ್ಲ. ಆಗ ಅವಳು ಅದಕ್ಕೆ ಎಥನಾಲ್ ಸುರಿದಳು. ಎಥನಾಲ್‌ನಲ್ಲಿ ಈ ಮಣ್ಣು ನಿಲ್ಲುವುದಿಲ್ಲ, ಬಣ್ಣವನ್ನೂ ಹೊತ್ತುಕೊಂಡು ಕೆಳಗೆ ಬಿತ್ತು, ಮೇಲಿನ ದ್ರವ ತಿಳಿಯಾಯಿತು. ಅದನ್ನು ಅಳೆದು "ಬಹುತೇಕ ಎಲ್ಲ ಬಣ್ಣ ಹೋಗಿದೆ" ಅಂತ ನೋಟ್‌ಬುಕ್ಕಿನಲ್ಲಿ ಬರೆದಳು.

ಮುಂದಿನ ವಾರದ ಮೀಟಿಂಗಿನಲ್ಲಿ ಆ ಗ್ರಾಫ್ ನೋಡಿ ಎಲ್ಲರೂ ಮೆಚ್ಚಿದೆವು. ನಾನೂ ಮೆಚ್ಚಿದೆ. ಎಥನಾಲ್ ಹೆಜ್ಜೆ ವಿಧಾನದ ಭಾಗದಲ್ಲಿ ಒಂದು ಸಾಲಾಗಿ ಕೂತಿತ್ತು, ಯಾರೂ ಅದರ ಮೇಲೆ ಬೆರಳಿಡಲಿಲ್ಲ. ಬೆರಳಿಟ್ಟವರು ಯಜಮಾನರು. ಅವರನ್ನು ಲ್ಯಾಬಿಗೆ ಕರೆದು ತೋರಿಸಿದಾಗ ಅವರು ಕೇಳಿದ್ದು ಇಷ್ಟೇ: "ಅಮ್ಮಾ, ಆ ಬಾಟಲಿಂದ ಸುರಿದ್ಯಲ್ಲ, ಅದು ಏನು? ನನ್ನ ತೊಟ್ಟಿಗೆ ಅದು ಎಷ್ಟು ಲೀಟರ್ ಬೇಕಾಗತ್ತೆ?"

ಅವಳ ಮುಖ ಬಾಡಿತು. ಆದರೆ ಆ ಪ್ರಶ್ನೆಯೇ ಕೆಲಸವನ್ನು ಉಳಿಸಿತು.

ಕಡಿಮೆ ಹಾಕಿದಾಗ ತಿಳಿಯಾದ ನೀರು

ಎಥನಾಲ್ ಇಲ್ಲದೆ ಮಣ್ಣು ಕೆಳಗೆ ಬೀಳಬೇಕು. ಅವಳು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಇನ್ನೂ ಜಾಸ್ತಿ ಮಣ್ಣು ಹಾಕಿದಳು. ಒಂದು ಗ್ರಾಂ ಇದ್ದದ್ದು ಎರಡಾಯಿತು, ಮೂರಾಯಿತು. ಬಣ್ಣ ಕದಲಲಿಲ್ಲ. ಒಂದು ಸಂಜೆ ನನ್ನ ರೂಮಿಗೆ ಬಂದಳು. ಟೇಬಲ್ ಮೇಲಿದ್ದ ಒಂದು ಹಳೆಯ ಕವರಿನ ಹಿಂದೆ ಲೆಕ್ಕ ಹಾಕೋಣ ಅಂತ ಕೂತೆವು.

ಆಸಿಡ್ ಆರೆಂಜ್‌ನ ಅಣುತೂಕ 350. 100 ಮಿಲಿಗ್ರಾಂ ಅಂದರೆ ಸುಮಾರು 0.29 ಮಿಲಿಮೋಲ್. ಒಂದು ಬಣ್ಣದ ಅಣುವಿಗೆ ಒಂದು ಧನ ಕೈ ಸಾಕು. ಗ್ರಾಂಗೆ 7 ಮಿಲಿಮೋಲ್ ಕೈ ಇದ್ದರೆ ಬೇಕಾಗುವುದು ಸುಮಾರು 41 ಮಿಲಿಗ್ರಾಂ ಮಣ್ಣು. ಎಲ್ಲ ಅಮೀನ್‌ಗಳೂ ಪ್ರೋಟಾನ್ ಹಿಡಿದಿರುವುದಿಲ್ಲ ಅಂತ ಧಾರಾಳವಾಗಿ ಲೆಕ್ಕ ಇಟ್ಟರೂ 80 ಮಿಲಿಗ್ರಾಂ ದಾಟುವುದಿಲ್ಲ. ಅವಳು ಹಾಕುತ್ತಿದ್ದದ್ದು 1000 ಮಿಲಿಗ್ರಾಂ!

ಅಷ್ಟು ಹಾಕಿದಾಗ ಆಗುವುದು ಏನೆಂದರೆ, ಒಂದೊಂದು ಹಾಳೆಗೂ ಕೆಲವೇ ಬಣ್ಣದ ಅಣು ಅಂಟುತ್ತವೆ, ಉಳಿದ ಕೈಗಳೆಲ್ಲ ಧನವಾಗಿಯೇ ಉಳಿಯುತ್ತವೆ, ಹಾಳೆಗಳು ಒಂದನ್ನೊಂದು ತಳ್ಳುತ್ತಲೇ ಇರುತ್ತವೆ, ಬಣ್ಣ ಅಂಟಿದ ಮಣ್ಣು ನೀರಿನಲ್ಲೇ ತೇಲುತ್ತಿರುತ್ತದೆ. ಧನ, ಋಣ ಎರಡೂ ಸಮವಾದರೆ ಮಾತ್ರ ತಳ್ಳಾಟ ನಿಂತು ಹಾಳೆಗಳು ಗುಂಪಾಗಿ ಕೆಳಗೆ ಬೀಳುತ್ತವೆ.

ಮಾರನೇ ದಿನ ಆರು ಬೀಕರು ಸಾಲಾಗಿ ಇಟ್ಟು ಜಾರ್ ಟೆಸ್ಟ್ ಮಾಡಿದಳು. 20 ಮಿಲಿಗ್ರಾಂನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದಳು. ಮೊದಲ ಎರಡು ಬೀಕರಿನಲ್ಲಿ ತೆಳು ಕಿತ್ತಳೆ ಉಳಿದಿತ್ತು. ಕೊನೆಯ ಎರಡರಲ್ಲಿ ಬಣ್ಣ ಗಟ್ಟಿಯಾಗಿ ನಿಂತಿತ್ತು. ಮಧ್ಯದ ಎರಡರಲ್ಲಿ ಮೊದಲು ಮಂಜು ಕವಿದ ಹಾಗಾಯಿತು, ಆಮೇಲೆ ಸಣ್ಣ ಸಣ್ಣ ಕಿತ್ತಳೆ ಚೂರುಗಳು, ಒಡೆದ ಹಾಲಿನಲ್ಲಿ ಕಾಣುವಂಥವು, ನಿಧಾನವಾಗಿ ತಿರುಗುತ್ತಾ ಇಳಿದವು. ಮೇಲೆ ತಿಳಿ ನೀರು. ಅವಳು ಬೀಕರಿನ ಹಿಂದೆ ಪತ್ರಿಕೆ ಹಿಡಿದು ಓದಿ ತೋರಿಸಿದಳು. ನಿಖರವಾಗಿ ಆ ಸಮ ಬಿಂದು ಹಿಡಿಯುವುದು ದಿನಾ ಆಗುವ ಕೆಲಸ ಅಲ್ಲ, ಅದಕ್ಕೆ ಅವಳೇ ಒಂದು ಉಪಾಯ ಹುಡುಕಿದಳು. ಅಮೈನೋಕ್ಲೇ ಸ್ವಲ್ಪ ಜಾಸ್ತಿಯೇ ಆದರೂ ಪರವಾಗಿಲ್ಲ, ಕೊನೆಗೆ ಒಂದು ಚಿಟಿಕೆ ಸಾದಾ ಬೆಂಟೊನೈಟ್ ಹಾಕಿದರೆ ಅದರ ಋಣ ಹಾಳೆಗಳು ಉಳಿದ ಧನ ಹಾಳೆಗಳನ್ನು ಅಪ್ಪಿಕೊಂಡು ತೂಕದಿಂದ ತಳಕ್ಕೆ ಎಳೆಯುತ್ತವೆ. ಮೊದಲ ದಿನ ಸೋತಿದ್ದ ಅದೇ ಬೆಂಟೊನೈಟ್.

ಈ ಹಂತವನ್ನು ಇಷ್ಟು ಬಿಡಿಸಿ ಬರೆದದ್ದಕ್ಕೆ ಕಾರಣ ಇದೆ. ನ್ಯಾನೋ ಜೇಡಿ ಜೊತೆ ಕೆಲಸ ಮಾಡುವ ಹುಡುಗರು ಮಣ್ಣಿನ ತೂಕವನ್ನು ಅಭ್ಯಾಸಬಲದಿಂದ ಲೀಟರಿಗೆ ಒಂದು ಗ್ರಾಂ ಅಂತ ಇಟ್ಟುಬಿಡುತ್ತಾರೆ. ದಯವಿಟ್ಟು ಮೊದಲು ವಿದ್ಯುದಂಶದ ಲೆಕ್ಕ ಹಾಕಿ. ಇಲ್ಲಿ ಹತ್ತು ನಿಮಿಷದ ಆ ಲೆಕ್ಕ ಮೊದಲೇ ಆಗಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ನಿಜವಾದ ನೀರು

ಇಷ್ಟೆಲ್ಲ ಆದದ್ದು ಡಿಸ್ಟಿಲ್ಡ್ ವಾಟರಿನಲ್ಲಿ. ಆಮೇಲೆ ಯಜಮಾನರು ಒಂದು ಕ್ಯಾನ್ ಗುಂಡಿಯ ನೀರು ಕಳಿಸಿದರು. ಅದಕ್ಕೆ ಅಮೈನೋಕ್ಲೇ ಹಾಕಿದ ಕೂಡಲೇ ಬೆಳ್ಳನೆಯ ಮೊಸರಿನಂಥ ಕೆನೆ ಕಟ್ಟಿತು, ಬಣ್ಣ ಮಾತ್ರ ಹಾಗೇ ಇತ್ತು. ಕೆನೆ ಸೋಪಿನದು. ಅಂಟು ತೆಗೆದ ನೀರಿನ ಸೋಪೂ ಋಣ ಅಯಾನೇ ಅಲ್ವಾ, ಬಣ್ಣಕ್ಕಿಂತ ಎಷ್ಟೋ ಪಾಲು ಜಾಸ್ತಿ ಇತ್ತು, ಕೈಗಳನ್ನೆಲ್ಲ ಅದೇ ಹಿಡಿದುಕೊಂಡಿತು. ಸೋಪಿಲ್ಲದ ನೀರು ತರಿಸಿದೆವು, ಬರೀ ಬಣ್ಣದ ಹಂಡೆಯದು. ಅದು ಹುಳಿ ನೀರು, ಅಸಿಟಿಕ್ ಆಮ್ಲದ್ದು. ಹುಳಿಯಲ್ಲಿ ಅಮೈನೋಕ್ಲೇಯ ಮೆಗ್ನೀಸಿಯಂ ಕರಗಿ ಹೊರಗೆ ಬರುತ್ತದೆ, ಹಾಳೆಯ ಬೆನ್ನೆಲುಬೇ ಹೋಗುತ್ತದೆ. ಅದರ ಮೇಲೆ ಗ್ಲಾಬರ್ಸ್ ಸಾಲ್ಟಿನ ಸಲ್ಫೇಟ್ ಬೇರೆ ಕೈಗಳಿಗೆ ಪೈಪೋಟಿ.

ಇಲ್ಲಿ ಅವಳು ಬೇರೊಂದು ಪದರದ ವಸ್ತುವಿನ ಕಡೆ ಹೋದಳು: ಹೈಡ್ರೊಟಾಲ್ಸೈಟ್. ಅಸಿಡಿಟಿ ಮಾತ್ರೆಗಳಲ್ಲೂ ಬಳಸುವ ವಸ್ತು. ಮೆಗ್ನೀಸಿಯಂ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹಾಳೆಗಳು, ಹುಟ್ಟಿನಿಂದಲೇ ಧನ ವಿದ್ಯುದಂಶ, ಮಧ್ಯೆ ಕಾರ್ಬೊನೇಟ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಿ. ವಿಷ್ಣು ಕಾಮತ್ ಅವರ ತಂಡ ಇಂಥ ಪದರದ ಹೈಡ್ರಾಕ್ಸೈಡ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಇದನ್ನು 500 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಪದರ ಕುಸಿದು ಆಕ್ಸೈಡ್ ಆಗುತ್ತದೆ. ಮತ್ತೆ ನೀರಿಗೆ ಹಾಕಿದರೆ ಹಳೆಯ ರಚನೆ ನೆನಪಾದ ಹಾಗೆ ಪದರಗಳು ಮರುಕಟ್ಟಿಕೊಳ್ಳುತ್ತವೆ, ಕಟ್ಟಿಕೊಳ್ಳುವಾಗ ಸುತ್ತಲಿರುವ ಋಣ ಅಯಾನುಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ಬಣ್ಣ ಹಿಡಿದ ಪುಡಿಯನ್ನು ಮತ್ತೆ ಸುಟ್ಟರೆ ಬಣ್ಣ ಉರಿದುಹೋಗಿ ಪುಡಿ ಮತ್ತೆ ತಯಾರು. ಕೇಳಲು ಎಷ್ಟು ಚೆನ್ನಾಗಿದೆ. ಆದರೆ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ತುಂಬಿರುತ್ತದೆ, ಈ ಹಾಳೆಗಳಿಗೆ ಎಲ್ಲಕ್ಕಿಂತ ಇಷ್ಟ ಕಾರ್ಬೊನೇಟ್, ಆಮೇಲೆ ಸಲ್ಫೇಟ್. ಬಣ್ಣಕ್ಕೆ ಉಳಿದದ್ದು ಚೂರುಪಾರು ಜಾಗ.

ಆ ಸಲ ಸುಸ್ತಾಗಿ ಇಬ್ಬರೂ ಯೂನಿಟ್ಟಿಗೆ ಹೋದೆವು, ಪ್ರಯೋಗಕ್ಕಲ್ಲ, ಸುಮ್ನೆ ಒಂದು ಇಡೀ ದಿನ ಕೂತು ನೋಡಲು. ಅದು ಮೊದಲೇ ಮಾಡಬೇಕಿದ್ದ ಕೆಲಸ. ನೋಡಿದಾಗ ಗೊತ್ತಾಯಿತು: ಸೋಪಿನ ನೀರು ಬರುವುದು ಬೆಳಿಗ್ಗೆ ಮಾತ್ರ, ಒಂದೇ ಹಂಡೆಯಿಂದ. ಬಣ್ಣದ ನೀರು ಆಮೇಲೆ. ಎರಡೂ ಒಂದೇ ಕಾಲುವೆಯಲ್ಲಿ ಸೇರುತ್ತಿದ್ದದ್ದು ಅಭ್ಯಾಸದಿಂದ ಅಷ್ಟೇ. ಯಜಮಾನರು ಒಂದು ಪೈಪು ತರಿಸಿ ಒಂದೇ ದಿನದಲ್ಲಿ ಎರಡನ್ನೂ ಬೇರೆ ಮಾಡಿದರು. ಇನ್ನೊಂದು ವಿಷಯ ಅವರ ಹಿರಿಯ ಕೆಲಸಗಾರರೇ ಹೇಳಿದರು. ಕೊನೆಯಲ್ಲಿ ಆಮ್ಲವನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪ ಹಾಕಿ ಬಿಸಿ ಹಿಡಿದಿಟ್ಟರೆ ನೂಲು ಬಣ್ಣವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಹಂಡೆಯಲ್ಲಿ ಉಳಿಯುವುದು ಕಡಿಮೆ. ಆರ್ಡರು ಜಾಸ್ತಿ ಇದ್ದಾಗ ಅವಸರದಲ್ಲಿ ಇದನ್ನು ಬಿಡುತ್ತಿದ್ದರು.

ಇವೆರಡು ಬದಲಾವಣೆ ಆದ ಮೇಲೆ ಬಂದ ನೀರು ಬೇರೆಯೇ ಆಗಿತ್ತು. ಬಣ್ಣ ತೆಳು, ಸೋಪಿಲ್ಲ. ಸೋಡಾ ಹಾಕಿ ಹುಳಿ ತೆಗೆದು, ಅಮೈನೋಕ್ಲೇ ಅಳತೆ ನೋಡಿ ಹಾಕಿ, ಬೆಂಟೊನೈಟ್ ಹಾಕಿ ಬಿಟ್ಟರೆ ನೀರು ತಿಳಿಯಾಯಿತು. ಸಲ್ಫೇಟಿನ ಪೈಪೋಟಿಗೆ ಮಣ್ಣು ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕಾಯಿತು, ಆದರೂ ಆಯಿತು. ಉಪ್ಪು ಮಾತ್ರ ನೀರಿನಲ್ಲೇ ಉಳಿಯಿತು. ಅಮೈನೋಕ್ಲೇ ಬಣ್ಣ ತೆಗೆಯುತ್ತದೆ, ಗ್ಲಾಬರ್ಸ್ ಸಾಲ್ಟ್ ತೆಗೆಯುವುದಿಲ್ಲ. ಆ ನೀರನ್ನು ತೋಟಕ್ಕೆ ಬಿಡಬಾರದು ಅಂತ ಯಜಮಾನರಿಗೆ ಬಿಡಿಸಿ ಹೇಳಿದೆವು. ನೀರು ತಿಳಿಯಾಗಿ ಕಂಡರೆ ಯಾರಿಗಾದರೂ ಬಿಡಬಹುದು ಅನ್ನಿಸಿಬಿಡುತ್ತದೆ, ಅದಕ್ಕೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು. ಹಾಗೆ ತಿಳಿ ಮಾಡಿದ ನೀರು ಇದ್ದಾಗ ಅವರು ಅದನ್ನು ಗಾಢ ಬಣ್ಣಗಳ ಹಂಡೆಗೇ ಮತ್ತೆ ಬಳಸುತ್ತಾರೆ, ಹೇಗೂ ಅಲ್ಲಿ ಆ ಉಪ್ಪು ಬೇಕೇ ಬೇಕು.

"ಆ ಮಣ್ಣು ಎಲ್ಲಿ ಹಾಕೋದು?"

ಎಲ್ಲ ಮುಗಿಯಿತು ಅಂದುಕೊಂಡ ದಿನ ಯಜಮಾನರು ಕೇಳಿದ ಎರಡನೇ ಪ್ರಶ್ನೆ ಇದು. ತಳದಲ್ಲಿ ಕೂತ ಬಣ್ಣದ ಕೆಸರು. ಇಂಥ ಶುದ್ಧೀಕರಣದ ರಾಸಾಯನಿಕ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಹಿತ್ತಲಲ್ಲಿ ಸುರಿಯುವ ಹಾಗಿಲ್ಲ. ಪರಿಚಯದವರೊಬ್ಬರು "ಬೂದಿ ಇಟ್ಟಿಗೆಗೆ ಸೇರಿಸಿಬಿಡಿ, ಎಷ್ಟೋ ಜನ ಮಾಡ್ತಾರೆ" ಅಂದರು. ಸುಲಭದ ದಾರಿ. ಅವಳು ಒಪ್ಪುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದಳು. ಒಣಗಿದ ಕೆಸರಿನ ಎರಡು ಬಿಲ್ಲೆ ಮಾಡಿ ಒಂದನ್ನು ಸಾದಾ ನೀರಿಗೆ, ಒಂದನ್ನು ಸುಣ್ಣದ ತಿಳಿ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟಳು. ಬೆಳಿಗ್ಗೆ ಸಾದಾ ನೀರು ಇದ್ದ ಹಾಗೇ ಇತ್ತು. ಸುಣ್ಣದ ನೀರು ಕಿತ್ತಳೆಯಾಗಿತ್ತು. ಕ್ಷಾರದಲ್ಲಿ ಅಮೀನ್ ತನ್ನ ಪ್ರೋಟಾನ್ ಕಳೆದುಕೊಳ್ಳುತ್ತದೆ, ಧನ ವಿದ್ಯುದಂಶ ಹೋದರೆ ಬಣ್ಣವನ್ನು ಹಿಡಿದ ಕೈ ಬಿಟ್ಟ ಹಾಗೆ. ಬೂದಿ ಇಟ್ಟಿಗೆಯಲ್ಲಿ ಸುಣ್ಣ, ಸಿಮೆಂಟು ಇರುತ್ತವಲ್ಲ. ಆ ಯೋಚನೆ ಅಲ್ಲಿಗೇ ನಿಂತಿತು.

ಸುಡುವುದು ಇನ್ನೊಂದು ದಾರಿ ಅಂದುಕೊಂಡೆವು. ಆಗ ಯಜಮಾನರು ತಮ್ಮ ಕಪ್ಪು ಬಣ್ಣದ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. "ಇದು ಬೇರೆ ಥರ ಅಮ್ಮಾ, ಇದಕ್ಕೆ ಹುಳಿ ಜಾಸ್ತಿ ಬೇಡ." ಮೇಲೆ ಮೆಟಲ್ ಕಾಂಪ್ಲೆಕ್ಸ್ ಅಂತ ಬರೆದಿತ್ತು, ಅಂದರೆ ಅಣುವಿನಲ್ಲೇ ಲೋಹ ಸೇರಿರುವ ಬಣ್ಣ. ಇಂಥ ಎಷ್ಟೋ ಬಣ್ಣಗಳಲ್ಲಿ ಕ್ರೋಮಿಯಂ ಇರುತ್ತದೆ. ಮೆಗ್ನೀಸಿಯಂ, ಸೋಡಾ ಇರುವ ಕೆಸರಿನ ಜೊತೆ ಗಾಳಿಯಲ್ಲಿ ಸುಟ್ಟರೆ ಅಷ್ಟಾಗಿ ಹಾನಿ ಮಾಡದ ಕ್ರೋಮಿಯಂ ವಿಷಕಾರಿ ಕ್ರೋಮೇಟ್ ಆಗಿ ಬದಲಾಗುವ ಅಪಾಯ ಇದೆ. ಎರಡು ವರ್ಷ ಅವರ ನೀರಿನ ಬಗ್ಗೆ ಕೆಲಸ ಮಾಡಿದ್ದೆವು, ಆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಓದಿದ್ದು ಆ ದಿನವೇ. ಇಂಥ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಬಣ್ಣದ ಪೊಟ್ಟಣಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿ ಓದಬೇಕು.

ಈಗಿನ ಪರಿಸ್ಥಿತಿ ಇದು. ಸಾವಿರ ಲೀಟರ್ ತೆಳು ಬಣ್ಣದ ನೀರಿಗೆ 70 ಗ್ರಾಂ ಅಮೈನೋಕ್ಲೇ ಸಾಕು ಅಂತ ಕಾಗದದ ಮೇಲೆ ಬಂದರೂ, ಅಷ್ಟು ಮಾಡಲು ಬೇಕಾಗುವ ಸಿಲೇನ್ (ಮೊದಲು ಹನಿಹನಿಯಾಗಿ ಬಿಟ್ಟ ಟ್ರೈಎಥಾಕ್ಸಿಸಿಲೇನ್) ದುಬಾರಿ, ತೊಳೆಯುವ ಎಥನಾಲ್ ಬೇರೆ. ಯಜಮಾನರು ಅದನ್ನು ದಿನಾ ಬಳಸುತ್ತಿಲ್ಲ, ಬಳಸಿ ಅಂತ ನಾವೂ ಒತ್ತಾಯ ಮಾಡಿಲ್ಲ. ಪೈಪು ಬೇರೆ ಮಾಡಿದ್ದು, ಆಮ್ಲ ನಿಧಾನವಾಗಿ ಹಾಕುವುದು ಎರಡೂ ಉಳಿದಿವೆ. ಗುಂಡಿಯ ಬಣ್ಣ ಮೊದಲಿನಷ್ಟು ಗಾಢವಾಗಿಲ್ಲ. ಹುಡುಗಿ ತನ್ನ ಪ್ರಬಂಧದಲ್ಲಿ ಎಥನಾಲ್ ಹೆಜ್ಜೆಯನ್ನೂ ಸೋಪಿನ ಕೆನೆಯನ್ನೂ ಒಂದು ಇಡೀ ಅಧ್ಯಾಯವಾಗಿ ಬರೆದಿದ್ದಾಳೆ. ತೆಗೆದುಬಿಡು ಅಂತ ಹೇಳಿದವರಿದ್ದರು, ಅವಳು ತೆಗೆಯಲಿಲ್ಲ.

ಶೆಡ್ಡಿನ ಹಿಂದೆ ಈಗ ಎರಡು ಮುಚ್ಚಳದ ಡ್ರಮ್ಮುಗಳಿವೆ. ಒಂದರ ಮೇಲೆ ಸುಣ್ಣದಲ್ಲಿ "ಕಪ್ಪು" ಅಂತ ಬರೆದಿದೆ, ಇನ್ನೊಂದರ ಮೇಲೆ "ಉಳಿದದ್ದು". ಕೆಸರು ತುಂಬಿದ ಮೇಲೆ ಅನುಮತಿ ಇರುವವರಿಗೇ ಕೊಡಬೇಕು ಅಂತ ಯಜಮಾನರು ಅದಕ್ಕೆ ಬೇಕಾದ ಅರ್ಜಿಯ ಬಗ್ಗೆ ವಿಚಾರಿಸುತ್ತಿದ್ದಾರೆ. ಹೊಸ ಬಣ್ಣ ತರಿಸಿದಾಗಲೆಲ್ಲ ಪೊಟ್ಟಣದ ಫೋಟೋ ತೆಗೆದು ಅವಳಿಗೆ ಕಳಿಸುತ್ತಾರೆ. ಕಳೆದ ವಾರ ಬಂದದ್ದು ಒಂದು ಹಸಿರು.